ಒಣನೆಲದ ಮನೆಗಳ ಮೀಟರ್ ಪೆಟ್ಟಿಗೆ: ವೆಚ್ಚ ಮತ್ತು ರಕ್ಷಣೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದ್ದು, ಇಲ್ಲಿನ ನೆಲದ ಈ ಒಣಗುಣವು ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಯಾವ ಸಾಧನಗಳಿರಬೇಕು ಎಂಬುದನ್ನೂ ನಿರ್ಧರಿಸುತ್ತದೆ. ಹಳೆಯ ಮೀಟರ್ ಬೋರ್ಡನ್ನು ತೆಗೆದು ಹೊಸದನ್ನು ಕೂರಿಸುವ ಖರ್ಚನ್ನು ಅಂದಾಜು ಮಾಡಬೇಕಾದರೆ, ಅದರ ಯಾವ ಭಾಗ ಯಾರ ಹೊಣೆ, ಯಾವ ಭಾಗದ ಕೆಲಸವೇನು ಎಂಬುದು ಮೊದಲು ತಿಳಿದಿರಬೇಕು.

ಕಂಬದಿಂದ ಬರುವ ಸರ್ವಿಸ್ ವೈರು ಮೊದಲು ಮೀಟರನ್ನು ತಲುಪುತ್ತದೆ. ಇಲ್ಲಿಯವರೆಗಿನ ವ್ಯವಸ್ಥೆ ಈ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವ ಬೆಸ್ಕಾಂನ ಹತೋಟಿಯಲ್ಲಿದ್ದು, ಮೀಟರಿನ ಸೀಲನ್ನು ಕಂಪನಿಯ ಸಿಬ್ಬಂದಿಯಲ್ಲದೆ ಬೇರೆಯವರು ಒಡೆಯುವಂತಿಲ್ಲ. ಮೀಟರಿನಿಂದ ಮುಂದಿನದೆಲ್ಲ ಮನೆಯವರ ಹೊಣೆ. ಬಳಕೆದಾರರ ಕಾರಣದಿಂದ ಮೀಟರು ಸುಟ್ಟರೆ ಅದರ ಬೆಲೆಯನ್ನು ಅವರೇ ಭರಿಸಬೇಕಾಗುತ್ತದೆ. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದಾಗ ಸಿಂಗಲ್ ಫೇಸ್ ಮೀಟರಿನ ದರ ಸುಮಾರು 5,000 ರೂಪಾಯಿಗೆ ಏರಿ, ಸಾರ್ವಜನಿಕ ಚರ್ಚೆಗೆ ಕಾರಣವಾಯಿತು.

ಮೀಟರಿನ ನಂತರದ ವಿತರಣಾ ಪೆಟ್ಟಿಗೆ, ಅಂದರೆ ಡಿಬಿ, ಒಳಬಂದ ವಿದ್ಯುತ್ತನ್ನು ದೀಪ, ಪ್ಲಗ್, ಗೀಸರ್, ಮೋಟಾರುಗಳಿಗೆ ಬೇರೆಬೇರೆ ಸರ್ಕ್ಯೂಟುಗಳಾಗಿ ಹಂಚುತ್ತದೆ. ಹಳೆಯ ಪಿಂಗಾಣಿ ಫ್ಯೂಸಿನ ಜಾಗದಲ್ಲಿ ಈಗ ಇರುವ ಎಂಸಿಬಿಯೊಳಗೆ ಎರಡು ಏರ್ಪಾಡುಗಳಿವೆ: ಮಿತಿಮೀರಿದ ವಿದ್ಯುತ್ ಪ್ರವಾಹ ಬಹಳ ಹೊತ್ತು ಹರಿದರೆ ಎರಡು ಲೋಹಗಳ ಪಟ್ಟಿಯೊಂದು ಕಾದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ, ಶಾರ್ಟ್ ಸರ್ಕ್ಯೂಟಿನಂತಹ ದಿಢೀರ್ ಏರಿಕೆಯಾದರೆ ವಿದ್ಯುತ್ಕಾಂತವು ಕ್ಷಣಾರ್ಧದಲ್ಲಿ ಅದೇ ಕೆಲಸ ಮಾಡುತ್ತದೆ. ಎಂಸಿಬಿ ಕಾಯುವುದು ಮುಖ್ಯವಾಗಿ ವೈರನ್ನು. ಮನುಷ್ಯನನ್ನು ಕಾಯಲು ಅದೊಂದೇ ಸಾಲದು ಎಂಬುದಕ್ಕೆ ಕಾರಣ ನೆಲದಲ್ಲಿದೆ.

ಗೀಸರಿನಂತಹ ಉಪಕರಣದ ಲೋಹದ ಹೊರಕವಚಕ್ಕೆ ವಿದ್ಯುತ್ ಸೋರಿದರೆ ಅದನ್ನು ಮಣ್ಣಿಗೆ ಇಳಿಸುವ ಸಂಪರ್ಕವೇ ಅರ್ಥಿಂಗ್. ಮಣ್ಣಿನ ಕಣಗಳ ನಡುವಿನ ತೇವದಲ್ಲಿ ಕರಗಿದ ಲವಣಗಳೇ ಪ್ರವಾಹವನ್ನು ಸಾಗಿಸುವುದರಿಂದ, ಬೇಸಿಗೆಯಲ್ಲಿ ಆಳದವರೆಗೆ ಒಣಗುವ ಚಳ್ಳಕೆರೆಯ ಬಯಲಿನಲ್ಲಾಗಲಿ, ಬಂಡೆಗಲ್ಲುಗಳ ಮೊಳಕಾಲ್ಮೂರಿನ ಗುಡ್ಡಗಾಡಿನಲ್ಲಾಗಲಿ ನೆಲದ ಪ್ರತಿರೋಧ ಹೆಚ್ಚಾಗುತ್ತದೆ. ಅರ್ಥಿಂಗಿನ ಪ್ರತಿರೋಧ 20 ಓಮ್ ಇದ್ದು, ಉಳಿದ ಪ್ರತಿರೋಧಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 230 ವೋಲ್ಟಿನಲ್ಲಿ ನೆಲಕ್ಕೆ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಇದು ಸಹಜ ಬಳಕೆಯಂತೆಯೇ ಕಾಣುವುದರಿಂದ ಅದು ಬೀಳುವುದಿಲ್ಲ. ಗೀಸರಿನ ಮೈಯಲ್ಲಿ ಅಪಾಯಕಾರಿ ವೋಲ್ಟೇಜು ಹಾಗೆಯೇ ಉಳಿಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಗುಂಡಿ ಮಗ್ಗದಲ್ಲಿ ಕಾಲನ್ನು ನೆಲದೊಳಗೆ ಇಳಿಬಿಟ್ಟು ಕೂರುವ ನೇಕಾರನಂತೆ, ದೇಹ ನೆಲಕ್ಕೆ ನೇರವಾಗಿ ತಾಗಿರುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಈ ಕೊರತೆಯನ್ನು ತುಂಬುವ ಸಾಧನವೇ ಆರ್‌ಸಿಸಿಬಿ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಅದರೊಳಗಿನ ಒಂದೇ ಕಾಂತೀಯ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಪ್ರವಾಹ ಮರಳಿ ಬಂದರೆ ಅವುಗಳ ಕಾಂತಪ್ರಭಾವ ಪರಸ್ಪರ ರದ್ದಾಗುತ್ತದೆ, ಒಂದಿಷ್ಟು ನೆಲಕ್ಕೆ ಸೋರಿದರೆ ಉಳಿಯುವ ವ್ಯತ್ಯಾಸವು ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗಳಿಗೆ ಬಳಸುವ ಆರ್‌ಸಿಸಿಬಿಗೆ ಇದಕ್ಕೆ 30 ಮಿಲಿಆಂಪಿಯರ್, ಎಂದರೆ 0.03 ಆಂಪಿಯರ್, ಸಾಕು. ಆದ್ದರಿಂದ ಅರ್ಥಿಂಗಿನ ಪ್ರತಿರೋಧ 100 ಓಮ್ ಇದ್ದು 2.3 ಆಂಪಿಯರ್ ಮಾತ್ರ ಸೋರಿದರೂ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಆದರೆ ಹೆಚ್ಚಿನ ಹೊರೆಯನ್ನಾಗಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದ ವ್ಯಕ್ತಿಯನ್ನಾಗಲಿ ಅದು ಗುರುತಿಸಲಾರದು. ಹೆಚ್ಚಿನ ಹೊರೆಯನ್ನು ತಡೆಯಲು ಎಂಸಿಬಿಯೂ ಜೊತೆಗಿರಬೇಕು.

ಪೆಟ್ಟಿಗೆ ಬದಲಿಸುವ ವೆಚ್ಚದಲ್ಲಿ ಖಾಲಿ ಪೆಟ್ಟಿಗೆಯ ಪಾಲು ಚಿಕ್ಕದು. ಸರ್ಕ್ಯೂಟುಗಳ ಸಂಖ್ಯೆಗೆ ತಕ್ಕಂತೆ ಎಂಸಿಬಿಗಳು, ಹಲವು ಎಂಸಿಬಿಗಳ ಒಟ್ಟು ಬೆಲೆಗೆ ಸಮನಾಗುವ ಒಂದು ಆರ್‌ಸಿಸಿಬಿ, ತಾಮ್ರದ ವೈರು, ಅರ್ಥಿಂಗ್ ಗುಂಡಿ ಮತ್ತು ಕೂಲಿ ಸೇರಿ ಮೊತ್ತ ಬೆಳೆಯುತ್ತದೆ. ಹಳೆಯ ಮನೆಗಳಲ್ಲಿ ಹಲವು ಸರ್ಕ್ಯೂಟುಗಳಿಗೆ ಒಂದೇ ನ್ಯೂಟ್ರಲ್ ಹಂಚಿದ್ದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತಿರಬಹುದು. ಆಗ ಅದನ್ನು ಕಿತ್ತುಹಾಕುವ ಬದಲು ವೈರಿಂಗನ್ನು ಸರಿಪಡಿಸುವುದು ಯುಕ್ತ. ಹಣ ಸಾಲದಿದ್ದಾಗ ಪೆಟ್ಟಿಗೆಯ ಅಂದ ಮತ್ತು ಮುಂದಿನ ಬಳಕೆಗೆಂದು ಬಿಡುವ ಖಾಲಿ ಜಾಗಗಳಲ್ಲಿ ಉಳಿತಾಯ ಮಾಡಬಹುದೇ ಹೊರತು ಆರ್‌ಸಿಸಿಬಿ ಮತ್ತು ಅರ್ಥಿಂಗಿನಲ್ಲಲ್ಲ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಕೆಲಸ ಮಾಡಿಸಿ, ಅರ್ಥಿಂಗಿನ ಪ್ರತಿರೋಧವನ್ನು ಬೇಸಿಗೆಯಲ್ಲೇ ಅಳೆಯಿಸಿ, ಆರ್‌ಸಿಸಿಬಿಯ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ಅದು ಬೀಳುತ್ತದೆಯೇ ಎಂದು ನೋಡುತ್ತಿದ್ದರೆ, ಖರ್ಚು ಮಾಡಿದ ಹಣಕ್ಕೆ ತಕ್ಕ ರಕ್ಷಣೆ ದೊರೆಯುತ್ತದೆ.