ನದಿಗೆ ಬಿಟ್ಟುಕೊಟ್ಟ ಅಂಗಳ: ಹ್ಯಾಂಬರ್ಗ್‌ನ ಹಾಫೆನ್‌ಸಿಟಿ

ಹ್ಯಾಂಬರ್ಗ್‌ಗೆ ಬಂದ ಪ್ರವಾಸಿಗರ ಕಣ್ಣು ಮೊದಲು ಹೋಗುವುದು ಎಲ್ಬ್‌ಫಿಲ್‌ಹಾರ್ಮೊನಿಯ ಕಡೆಗೆ. ಕೆಳಗೆ 1960ರ ದಶಕದಲ್ಲಿ ಕೋಕೋ ಮೂಟೆಗಳಿಗೆಂದು ಕಟ್ಟಿದ ಇಟ್ಟಿಗೆಯ ಗೋದಾಮು, ಅದರ ನೆತ್ತಿಯ ಮೇಲೆ ಅಲೆಯಂತೆ ಏರಿಳಿಯುವ ಛಾವಣಿಯ ಗಾಜಿನ ಸಂಗೀತ ಮಂದಿರ, ಎರಡೂ ಸೇರಿ 110 ಮೀಟರ್ ಎತ್ತರ. ಹಳೆಯ ಬಂದರಿನ ಜಾಗದಲ್ಲಿ ಎದ್ದಿರುವ ಹಾಫೆನ್‌ಸಿಟಿ ಎಂಬ ಹೊಸ ಬಡಾವಣೆಯನ್ನು ಜಗತ್ತು ಗುರುತಿಸುವುದು ಈ ಕಟ್ಟಡದಿಂದಲೇ. ಆದರೆ ಕಾಲ್ನಡಿಗೆಯಲ್ಲಿ ಸುತ್ತುವವರಿಗೆ ಇಲ್ಲಿ ಹೆಚ್ಚು ಕಲಿಸುವುದು ಕಾಲ ಕೆಳಗಿನ ನೆಲ. ಹಾಫೆನ್‌ಸಿಟಿ ನಡೆಯುವವರ ಊರಾಗಿದ್ದರೆ ಅದಕ್ಕೆ ಕಾರಣ ಯಾವ ಹೆಸರಾಂತ ವಾಸ್ತುಶಿಲ್ಪಿಯೂ ಅಲ್ಲ. ಪ್ರವಾಹವನ್ನು ಗೋಡೆ ಕಟ್ಟಿ ಹೊರಗಿಡದೆ, ಕೆಳಗಿನ ನೆಲವನ್ನು ನೀರಿಗೇ ಬಿಡೋಣ ಎಂದು ನಗರ ಮಾಡಿದ ತೀರ್ಮಾನವೇ ಅದಕ್ಕೆ ಮೂಲ ಎಂದು ನಾನು ನಂಬುತ್ತೇನೆ.

ನಡಿಗೆಯನ್ನು ಬಾಮ್‌ವಾಲ್ ಮೆಟ್ರೋ ನಿಲ್ದಾಣದಿಂದ ಶುರುಮಾಡಿದರೆ ಮೊದಲು ಸಿಗುವುದು ಸ್ಪೈಶೆರ್‌ಸ್ಟಾಟ್. 1883ರಿಂದ 1927ರವರೆಗೆ ಹಂತಹಂತವಾಗಿ ಕಟ್ಟಿದ ಗೋದಾಮುಗಳ ಸಾಲು ಇದು. ಕೆಸರಿನಲ್ಲಿ ಹೂತ ಮರದ ದಿಮ್ಮಿಗಳ ಮೇಲೆ ನಿಂತ ಕೆಂಪಿಟ್ಟಿಗೆಯ ಗೋಡೆಗಳು, ಹಸಿರುಗಟ್ಟಿದ ತಾಮ್ರದ ಹೊದಿಕೆ, ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಬೀದಿ. ದೋಣಿಯಿಂದ ನೇರವಾಗಿ ಐದನೇ ಮಹಡಿಗೆ ಮೂಟೆ ಎತ್ತುತ್ತಿದ್ದ ರಾಟೆಗಳ ಮಾಡು ಇಂದಿಗೂ ಪ್ರತಿ ಗೋದಾಮಿನ ತುದಿಯಲ್ಲಿ ಚಾಚಿಕೊಂಡಿದೆ. ಕಾಫಿ, ಚಹಾ, ಮಸಾಲೆ, ಪರ್ಷಿಯಾದ ರತ್ನಗಂಬಳಿ ಎಲ್ಲವೂ ಇಲ್ಲಿ ಸುಂಕವಿಲ್ಲದೆ ಇಳಿದು, ವಿಂಗಡಣೆಯಾಗಿ, ಮುಂದೆ ಸಾಗುತ್ತಿದ್ದವು. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಜರ್ಮನಿಯೂ ಒಂದಾಗಿರುವುದರಿಂದ, ಕೊಡಗು ಚಿಕ್ಕಮಗಳೂರಿನ ಓದುಗರಿಗೆ ಈ ಗೋದಾಮುಗಳು ತೀರಾ ಪರಕೀಯ ಎನಿಸಲಾರವು. 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಈ ಚೆಲುವಿಗೆ ತೆತ್ತ ಬೆಲೆಯನ್ನು ಮರೆಯಬಾರದು. ಜರ್ಮನಿಯ ಸುಂಕ ಒಕ್ಕೂಟಕ್ಕೆ ಸೇರುವಾಗ ಹ್ಯಾಂಬರ್ಗ್ ತನಗೊಂದು ಮುಕ್ತ ಬಂದರನ್ನು ಉಳಿಸಿಕೊಂಡಿತು. 1888ರಲ್ಲಿ ಉದ್ಘಾಟನೆಯಾದ ಆ ಬಂದರಿಗೆ ಜಾಗ ಮಾಡಲು ಸುಮಾರು 20,000 ಜನರ ಮನೆಗಳನ್ನು ಕೆಡವಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷ ಈ ನೆಲ ಸುಂಕದ ಬೇಲಿಯ ಒಳಗಿತ್ತು. ಊರಿನ ನಡುವೆಯೇ ಇದ್ದ ನದೀತೀರ ಊರಿನವರ ಓಡಾಟಕ್ಕೆ ಸಿಗುತ್ತಿರಲಿಲ್ಲ.

ಕಂಟೇನರ್ ಹಡಗುಗಳು ಬಂದಮೇಲೆ ಬಂದರಿನ ಕೆಲಸ ಎಲ್ಬ್ ನದಿಯ ದಕ್ಷಿಣ ದಡಕ್ಕೆ ಜರುಗಿತು. ಆ ಹಡಗುಗಳಿಗೆ ಬೇಕಾದ ಆಳವಾಗಲಿ ವಿಶಾಲ ಬಯಲಾಗಲಿ ಹಳೆಯ ಕಿರಿದಾದ ಧಕ್ಕೆಗಳಲ್ಲಿ ಇರಲಿಲ್ಲ. 1997ರಲ್ಲಿ ಮೇಯರ್ ಹೆನ್ನಿಂಗ್ ಫೋಶೆರಾವ್ ಈ ಧಕ್ಕೆಗಳನ್ನು ನಗರಕ್ಕೆ ಮರಳಿಸುವ ಯೋಜನೆ ಪ್ರಕಟಿಸಿದರು. 2000ದಲ್ಲಿ ಅದರ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ನೀರೂ ಸೇರಿ ಒಟ್ಟು 157 ಹೆಕ್ಟೇರ್. ಇಲ್ಲಿನ ನಿವೇಶನಗಳನ್ನು ಮಾರಿದ ಹಣ ಆಲ್ಟೆನ್‌ವೆರ್ಡೆರ್ ಎಂಬಲ್ಲಿ ಹೊಸ ಕಂಟೇನರ್ ಟರ್ಮಿನಲ್ ಕಟ್ಟಲು ನೆರವಾಯಿತು. ಆಲ್ಟೆನ್‌ವೆರ್ಡೆರ್ ಒಂದು ಮೀನುಗಾರರ ಹಳ್ಳಿಯಾಗಿತ್ತು. ಬಂದರಿಗಾಗಿ ಅದನ್ನೂ ಒಕ್ಕಲೆಬ್ಬಿಸಲಾಯಿತು; ಚರ್ಚೊಂದು ಮಾತ್ರ ಉಳಿದಿದೆ.

ಹಳೆಯ ಧಕ್ಕೆಯ ದೊಡ್ಡ ತೊಡಕು ನೀರು. ಉತ್ತರ ಸಮುದ್ರ ಇಲ್ಲಿಂದ ನೂರು ಕಿಲೋಮೀಟರ್ ದೂರವಿದ್ದರೂ ದಿನಕ್ಕೆರಡು ಸಲ ಭರತ ನದಿಯಲ್ಲಿ ಮೇಲೇರಿ ಬರುತ್ತದೆ, ಮೂರೂವರೆ ಮೀಟರಿಗೂ ಹೆಚ್ಚು. ಬಿರುಗಾಳಿಯೂ ಜೊತೆಗೂಡಿದರೆ ಅನಾಹುತ. 1962ರ ಫೆಬ್ರವರಿಯ ರಾತ್ರಿ ನೀರು 5.70 ಮೀಟರಿಗೆ ಏರಿ ಒಡ್ಡುಗಳು ಒಡೆದು ನಗರದಲ್ಲಿ 315 ಜನ ಸತ್ತರು. 1976ರಲ್ಲಿ ನೀರು 6.45 ಮೀಟರ್ ಮುಟ್ಟಿತು. ಹಾಫೆನ್‌ಸಿಟಿಯಾಗಬೇಕಿದ್ದ ಜಾಗ ಇದ್ದದ್ದೋ ಒಡ್ಡಿನ ಹೊರಗೆ. ಸುತ್ತಲೂ ಹೊಸ ಒಡ್ಡು ಕಟ್ಟುವುದು ಎಲ್ಲರಿಗೂ ತೋಚುವ ದಾರಿ. ಆದರೆ ಆ ಒಡ್ಡು ಪೂರ್ತಿಯಾಗುವ ತನಕ ಒಂದು ಮನೆಯನ್ನೂ ಏಳಿಸುವಂತಿರಲಿಲ್ಲ, ಅಷ್ಟು ಹಣವನ್ನು ಮೊದಲೇ ಸುರಿಯಬೇಕಿತ್ತು, ಕೊನೆಗೆ ನದಿಯ ಪಕ್ಕದಲ್ಲೇ ಇದ್ದೂ ನದಿ ಕಾಣದ ಬಡಾವಣೆ ಆಗುತ್ತಿತ್ತು. ಹಾಗಾಗಿ ಪ್ರತಿ ಕಟ್ಟಡವನ್ನೂ ಅದರ ಬೀದಿಯನ್ನೂ ಸಮುದ್ರಮಟ್ಟದಿಂದ ಎಂಟೊಂಬತ್ತು ಮೀಟರ್ ಎತ್ತರದ ದಿಬ್ಬದ ಮೇಲೆ ಕೂರಿಸಿದರು. ದಂಡೆಯ ಕಾಲ್ದಾರಿಗಳನ್ನು ಮಾತ್ರ ಹಳೆಯ ಧಕ್ಕೆಯ ಮಟ್ಟದಲ್ಲೇ, ಸುಮಾರು ನಾಲ್ಕೂವರೆಯಿಂದ ಐದೂವರೆ ಮೀಟರಿನಲ್ಲಿ ಉಳಿಸಿಕೊಂಡರು. ಮಳೆಗಾಲದಲ್ಲಿ ಅಂಗಳದಲ್ಲಿ ನೀರು ಹರಿದರೂ ಜಗಲಿ ಒಣಗಿಯೇ ಇರುವ ನಮ್ಮ ಕರಾವಳಿಯ ಹಳೆಯ ಮನೆಗಳ ಲೆಕ್ಕಾಚಾರವೇ ಇಲ್ಲೂ ಇದೆ.

ಈ ಎರಡು ಮಟ್ಟಗಳನ್ನು ಗಮನಿಸುತ್ತ ನಡೆದರೆ ಬಡಾವಣೆಯ ಒಳಗುಟ್ಟು ತಿಳಿಯುತ್ತದೆ. ಸ್ಪೈಶೆರ್‌ಸ್ಟಾಟ್‌ನಿಂದ ದಾಟಿಸುವ ಕಿಬ್ಬೆಲ್‌ಸ್ಟೆಗ್ ಸೇತುವೆಗೆ ಮೇಲೊಂದು ಕೆಳಗೊಂದು ದಾರಿ. ಪ್ರವಾಹದ ದಿನ ಕೆಳಗಿನದು ಮುಳುಗಿದರೂ ಅಗ್ನಿಶಾಮಕ ವಾಹನಗಳು ಮೇಲಿನ ದಾರಿಯಲ್ಲಿ ಬರಬಹುದು. ಮುಂದಿನ ಸಾಂಡ್‌ಟೋರ್ ಧಕ್ಕೆಯಲ್ಲಿ ಹಳೆಯ ಹಾಯಿಹಡಗುಗಳನ್ನು ಕಟ್ಟಿರುವ ತೇಲುಕಟ್ಟೆ ಭರತದೊಂದಿಗೆ ಏರಿ ಇಳಿತದೊಂದಿಗೆ ಇಳಿಯುತ್ತದೆ. ಅದಕ್ಕೆ ಇಳಿಯುವ ಸೇತುವೆ ಬೆಳಿಗ್ಗೆ ಸಪಾಟಾಗಿದ್ದರೆ ಕೆಲವು ತಾಸು ಕಳೆಯುವಷ್ಟರಲ್ಲಿ ಕಡಿದಾದ ಇಳಿಜಾರು. ಕಟ್ಟಡಗಳ ದಂಡೆಯ ಮಟ್ಟದ ಬಾಗಿಲು ಕಿಟಕಿಗಳಿಗೆ ದಪ್ಪ ಉಕ್ಕಿನ ಕದಗಳಿವೆ. ಪ್ರವಾಹದ ಎಚ್ಚರಿಕೆ ಬಂದರೆ ಅವನ್ನು ಎಳೆದು ಅಗುಳಿ ಹಾಕುತ್ತಾರೆ. ಮೆಗಲಾನ್ ಮೆಟ್ಟಿಲುಗಳು ಮೇಲಿನ ಬೀದಿಯಿಂದ ನೀರಿನ ಅಂಚಿಗೆ ಅಗಲವಾಗಿ ಇಳಿಯುತ್ತವೆ, ಯಾರು ಬೇಕಾದರೂ ಬಂದು ಕೂರಬಹುದು. ಇದೇ ನನ್ನ ವಾದದ ತಿರುಳು. ಮುಳುಗುವ ನೆಲದ ಮೇಲೆ ಯಾರೂ ಮನೆ ಕಟ್ಟಲಾರರು, ಆದ್ದರಿಂದ ನದಿಯ ಅಂಚು ಯಾರ ಖಾಸಗಿ ಹಿತ್ತಲೂ ಆಗಲಿಲ್ಲ. ನೀರಿನ ಪಕ್ಕ ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲ್ದಾರಿ ನಗರಕ್ಕೆ ದಕ್ಕಿತು.

ಇದು ದುಡ್ಡಿದ್ದವರ ಬಡಾವಣೆ, ಜಗಲಿಯ ಮೇಲೆ ಅವರು, ಒದ್ದೆ ಅಂಗಳದಲ್ಲಿ ಉಳಿದವರು ಎಂಬ ಆಕ್ಷೇಪ ಬಹಳ ದಿನದಿಂದ ಇದೆ. ಪಶ್ಚಿಮ ಭಾಗದ ಮೊದಲ ಹಂತಗಳ ಮಟ್ಟಿಗೆ ಅದು ನಿಜವೇ. ಆದರೆ ಆ ದೋಷ ಜಗಲಿಯದ್ದಲ್ಲ, ನಿವೇಶನ ಹಂಚಿದ ಷರತ್ತುಗಳದ್ದು. ಅದಕ್ಕೆ ಸಾಕ್ಷಿ ಪೂರ್ವದಲ್ಲೇ ಇದೆ. ಅಲ್ಲಿನ ಬಾಕೆನ್‌ಹಾಫೆನ್‌ನಂಥ ಭಾಗಗಳಲ್ಲಿ ದಿಬ್ಬ ಅದೇ, ನದಿ ಅದೇ, ಆದರೆ ಮನೆಗಳಲ್ಲಿ ಮೂರನೇ ಒಂದು ಭಾಗ ಸರ್ಕಾರದ ಸಹಾಯಧನದ ಬಾಡಿಗೆ ಮನೆಗಳಾಗಿರಬೇಕು ಎಂಬ ನಿಯಮ ಬಂತು. ಜಮೀನು ನಗರದ ಕೈಯಲ್ಲೇ ಇದ್ದದ್ದರಿಂದ ಇದು ಸಾಧ್ಯವಾಯಿತು. ಕಟ್ಟುವವರಿಗೆ ಮೊದಲು ನಿವೇಶನವನ್ನು ಕಾದಿರಿಸಿ ಕೊಡುತ್ತಾರೆ. ವಿನ್ಯಾಸ ಒಪ್ಪಿಗೆಯಾಗಿ ಕೆಲಸ ಶುರುವಾಗುವ ಹಂತಕ್ಕೆ ಬಂದಮೇಲಷ್ಟೇ ಮಾರಾಟ.

ಎಲ್ಬ್‌ಫಿಲ್‌ಹಾರ್ಮೊನಿಯ ಖರ್ಚನ್ನು ಮಾತ್ರ ನಾನು ಸಮರ್ಥಿಸಲಾರೆ. ಮೊದಲು ನಗರದ ಪಾಲು 7.7 ಕೋಟಿ ಯೂರೋ ಎಂದಿದ್ದದ್ದು 2017ರ ಜನವರಿಯಲ್ಲಿ ಬಾಗಿಲು ತೆರೆಯುವಷ್ಟರಲ್ಲಿ 78.9 ಕೋಟಿಗೆ ಏರಿತ್ತು. ಪೂರ್ವದ ತುದಿಯಲ್ಲಿ 245 ಮೀಟರ್ ಏರಬೇಕಿದ್ದ ಎಲ್ಬ್‌ಟವರ್‌ನ ಕೆಲಸ ಕಟ್ಟಿಸುವವರ ಹಣದ ಮುಗ್ಗಟ್ಟಿನಿಂದ 2023ರಲ್ಲಿ ಅರ್ಧಕ್ಕೂ ಕೆಳಗೆ ನಿಂತುಹೋಯಿತು. ನಗರ ಎತ್ತರದ ಮೋಹಕ್ಕೆ ಬಿದ್ದಾಗಲೆಲ್ಲ ಪೆಟ್ಟು ತಿಂದಿದೆ, ನೆಲದ ಬಗ್ಗೆ ಯೋಚಿಸಿದಾಗ ಗೆದ್ದಿದೆ. ಈ ಎರಡು ಕಟ್ಟಡಗಳ ನಡುವೆ ಇರುವ ಲೋಸೆ ಉದ್ಯಾನಕ್ಕೆ ಹೋಗದೆ ಯಾರೂ ಮರಳಬಾರದು. ಹಿಂದೆ ಅಲ್ಲಿ ಹನೋವರ್ ರೈಲು ನಿಲ್ದಾಣವಿತ್ತು. 1940ರಿಂದ 1945ರವರೆಗೆ 8,000ಕ್ಕೂ ಹೆಚ್ಚು ಯಹೂದಿಗಳನ್ನು, ಸಿಂತಿ ಮತ್ತು ರೋಮಾ ಜನರನ್ನು ಅಲ್ಲಿಂದ ಸಾವಿನ ಕಡೆಗೆ ಸಾಗಿಸಲಾಯಿತು. ಹಳಿಗಳ ಹಳೆಯ ಜಾಡನ್ನು ಮುಚ್ಚದೆ, ಉದ್ಯಾನವನ್ನು ಸೀಳಿ ಹೋಗುವ ಹಾದಿಯಾಗಿ ಉಳಿಸಿ, ಪ್ಲಾಟ್‌ಫಾರ್ಮ್‌ನ ಅವಶೇಷದ ಬಳಿ 2017ರಲ್ಲಿ ಸ್ಮಾರಕ ಮಾಡಿದ್ದಾರೆ. ಸತ್ತವರ ಹೆಸರುಗಳು ಅಲ್ಲಿವೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಸಮುದ್ರ ಏರುತ್ತಿದೆ, ಒಡ್ಡನ್ನಾದರೆ ಮುಂದೆ ಎತ್ತರಿಸಬಹುದು, ಮೇಲೆ ಆರು ಮಹಡಿ ಹೊತ್ತ ದಿಬ್ಬವನ್ನು ಎತ್ತರಿಸುವುದು ಹೇಗೆ? ಈ ದೌರ್ಬಲ್ಯ ನಿಜ. ಆದರೂ 1962ರಲ್ಲಿ ಅತಿ ಹೆಚ್ಚು ಸಾವಾದದ್ದು ವಿಲ್‌ಹೆಲ್ಮ್ಸ್‌ಬುರ್ಗ್‌ನಲ್ಲಿ, ಒಡ್ಡನ್ನು ನಂಬಿ ತಗ್ಗಿನಲ್ಲಿ ಮಲಗಿದ್ದವರ ನಡುವೆ. ಒಡ್ಡು ಒಂದೆಡೆ ಒಡೆದರೆ ಹಿಂದಿರುವ ಎಲ್ಲವೂ ಮುಳುಗುತ್ತದೆ. ದಿಬ್ಬದಲ್ಲಿ ಒಂದು ಕಟ್ಟಡದ ಕದ ಕೈಕೊಟ್ಟರೆ ಹಾನಿ ಆ ಕೆಳಮಹಡಿಗೇ ನಿಲ್ಲುತ್ತದೆ. ಆ ಕದಗಳ ಹೊಣೆ ಕಟ್ಟಡದ ಮಾಲೀಕರದ್ದು. ಅಕ್ಕಪಕ್ಕದವರು ಸೇರಿ ಪ್ರವಾಹ ರಕ್ಷಣಾ ಸಂಘ ಮಾಡಿಕೊಂಡು, ಎಚ್ಚರಿಕೆ ಬಂದ ರಾತ್ರಿ ಯಾರು ಯಾವ ಕದ ಮುಚ್ಚಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ಏರ್ಪಾಟು ಈಗಿನ ಎತ್ತರಕ್ಕೆ ಸಾಕು. ನೀರು ದಿಬ್ಬವನ್ನೂ ಮುಟ್ಟುವ ಕಾಲಕ್ಕೆ ಬೇಕಾಗುವ ಹೊಸ ತಡೆಯ ಖರ್ಚು ಮಾಲೀಕರದ್ದೋ ನಗರದ್ದೋ ಎಂಬುದನ್ನು ಹ್ಯಾಂಬರ್ಗ್ ಈಗಲೇ ಬರೆದಿಡಬೇಕು, ಅದಕ್ಕಾಗಿ ದಂಡೆಯ ಕಾಲ್ದಾರಿಯನ್ನು ಮಾರುವುದಿಲ್ಲ ಎಂಬ ಮಾತನ್ನೂ ಸೇರಿಸಿ.