ಒಲವುಳ್ಳ ಪತ್ರಿಕೆಯನ್ನು ನಂಬಬಹುದೆ?

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಕಣ್ಣಾರೆ ಕಂಡುದಕ್ಕೇ ಇಷ್ಟು ಎಚ್ಚರ ಬೇಕಾದರೆ, ಒಬ್ಬರು ಕಂಡು, ಇನ್ನೊಬ್ಬರು ಬರೆದು, ಮತ್ತೊಬ್ಬರು ತಿದ್ದಿ ಪ್ರಕಟಿಸಿದ ಸುದ್ದಿಗೆ ಎಷ್ಟು ಎಚ್ಚರ ಬೇಕಾದೀತು! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದಷ್ಟೆ. ಈ ಬಯಲುಸೀಮೆಯಲ್ಲಿ ಮಳೆಗೆ ಬರವಿದ್ದರೂ ಸುದ್ದಿಗೆ ಬರವಿಲ್ಲ. ಬೆಂಗಳೂರಿನ ಪತ್ರಿಕೆ, ತುಮಕೂರಿನ ಪತ್ರಿಕೆ, ಕೈಯ ಮೊಬೈಲಿನಲ್ಲಿ ಹತ್ತಾರು ಸುದ್ದಿಸಂಸ್ಥೆಗಳು. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡದಲ್ಲಾದರೆ ತೆಲುಗು ಪತ್ರಿಕೆಗಳೂ ಉಂಟು.

ಇವುಗಳಲ್ಲಿ ಕೆಲವು ತಮ್ಮನ್ನು ‘ಸ್ವತಂತ್ರ’ ಎಂದು ಕರೆದುಕೊಳ್ಳುತ್ತವೆ. ಸರ್ಕಾರದ, ರಾಜಕೀಯ ಪಕ್ಷದ ಅಥವಾ ದೊಡ್ಡ ಉದ್ಯಮದ ಒಡೆತನಕ್ಕೆ ಸೇರದೆ, ಹೆಚ್ಚಾಗಿ ಓದುಗರ ಹಣದಿಂದಲೇ ನಡೆಯುತ್ತೇವೆಂಬುದು ಆ ಮಾತಿನ ಅರ್ಥ. ಆದರೆ ಸ್ವತಂತ್ರವಾಗಿರುವುದೂ ನಿಷ್ಪಕ್ಷಪಾತವಾಗಿರುವುದೂ ಒಂದೇ ಅಲ್ಲ. ಪಿ. ಲಂಕೇಶರು ೧೯೮೦ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳನ್ನೇ ತೆಗೆದುಕೊಳ್ಳದೆ ಓದುಗರ ಹಣದಿಂದ ನಡೆಯಿತು. ಅದು ಸ್ವತಂತ್ರವಾಗಿತ್ತು, ಆದರೆ ಅದಕ್ಕೆ ತನ್ನದೇ ಆದ ನಿಲುವುಗಳಿದ್ದುವು, ಅವುಗಳನ್ನು ಅದು ಬಚ್ಚಿಡಲೂ ಇಲ್ಲ. ಹಾಗಾದರೆ ಇಂಥ ಒಲವುಳ್ಳ ಪತ್ರಿಕೆಯ ವರದಿಯನ್ನು ವಿದ್ಯಾರ್ಥಿಯು ನಂಬಬಹುದೆ? ರಾಜಕೀಯಶಾಸ್ತ್ರಕ್ಕೆ ಸೇರಿದಂತೆ ತೋರುವ ಈ ಪ್ರಶ್ನೆಗೆ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದು ಒಳ್ಳೆಯ ಉತ್ತರವಿದೆ.

ಶೂನ್ಯ ದೋಷ

ಸ್ಕ್ರೂ ಗೇಜನ್ನು ಬಳಸಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಸಂಗತಿ ಗೊತ್ತು. ಅದರ ಎರಡು ದವಡೆಗಳನ್ನು ಮುಚ್ಚಿದಾಗ ಅಳತೆ ಸೊನ್ನೆಯನ್ನು ತೋರಬೇಕು. ಹಳೆಯ ಉಪಕರಣವೊಂದು ಸೊನ್ನೆಯ ಬದಲು ೦.೦೪ ಮಿಲಿಮೀಟರ್ ತೋರಿತೆನ್ನೋಣ. ಇದು ಶೂನ್ಯ ದೋಷ. ಇದಕ್ಕಾಗಿ ಯಾರೂ ಉಪಕರಣವನ್ನು ಎಸೆಯುವುದಿಲ್ಲ. ಅದು ತಂತಿಯೊಂದರ ದಪ್ಪವನ್ನು ೦.೫೬ ಎಂದು ತೋರಿದರೆ, ೦.೦೪ನ್ನು ಕಳೆದು ೦.೫೨ ಎಂದು ಬರೆದುಕೊಳ್ಳುತ್ತೇವೆ. ದೋಷವಿರುವ ಉಪಕರಣದಿಂದ ಸರಿಯಾದ ಅಳತೆ ದೊರೆಯಿತು! ಅದಕ್ಕೆ ಎರಡೇ ನಿಬಂಧನೆಗಳು: ದೋಷ ಎಷ್ಟೆಂದು ನಮಗೆ ತಿಳಿದಿರಬೇಕು, ಅದು ದಿನದಿನಕ್ಕೆ ಬದಲಾಗುತ್ತಿರಬಾರದು.

ಅಳತೆಯಲ್ಲಿ ಇನ್ನೊಂದು ಬಗೆಯ ದೋಷವುಂಟು. ಕೈ ನಡುಗಿ, ಕಣ್ಣು ಓರೆಯಾಗಿ, ಒಮ್ಮೆ ಹೆಚ್ಚು ಒಮ್ಮೆ ಕಡಮೆ ಬರುವ ದೋಷ ಅದು. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಅದು ಬಹುಮಟ್ಟಿಗೆ ತೊಲಗುತ್ತದೆ. ಶೂನ್ಯ ದೋಷವಾದರೋ ಹಾಗಲ್ಲ; ಸಾವಿರ ಸಲ ಅಳೆದರೂ ಅದು ಅಷ್ಟೇ ಉಳಿಯುತ್ತದೆ. ಅವಸರದಲ್ಲಿ ತಪ್ಪಾಗಿ ಅಚ್ಚಾದ ಹೆಸರು, ಅಂಕೆಗಳು ಮೊದಲನೆಯ ಬಗೆಯವು. ಸಂಪಾದಕರ ಒಲವು ಎರಡನೆಯ ಬಗೆಯದು. ಆದುದರಿಂದ ಒಂದೇ ಪತ್ರಿಕೆಯನ್ನು ಹತ್ತು ವರ್ಷ ತಪ್ಪದೆ ಓದಿದ ಮಾತ್ರಕ್ಕೆ ಅದರ ಒಲವು ತಾನಾಗಿ ಕಳೆದುಹೋಗದು. ಓದುಗನೇ ಅದನ್ನು ಲೆಕ್ಕ ಹಾಕಿ ಕಳೆಯಬೇಕು.

ಗ್ರೀನಿಚ್ಚಿನ ಸಹಾಯಕ

ದೋಷವಿರುವುದು ಉಪಕರಣದಲ್ಲಿ ಮಾತ್ರವಲ್ಲ, ನೋಡುವ ಮನುಷ್ಯನಲ್ಲಿಯೂ ಉಂಟೆಂಬುದನ್ನು ಖಗೋಳಶಾಸ್ತ್ರಜ್ಞರು ಬೆಲೆ ತೆತ್ತು ಕಲಿತರು. ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮ್ಯಾಸ್ಕೆಲಿನ್ ಎಂಬ ಪ್ರಸಿದ್ಧ ಖಗೋಳಜ್ಞನ ಕೈಕೆಳಗೆ ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದನು. ದೂರದರ್ಶಕದ ಸಣ್ಣ ತಂತಿಯನ್ನು ನಕ್ಷತ್ರವು ದಾಟುವ ಕ್ಷಣವನ್ನು, ಗಡಿಯಾರದ ಟಿಕ್ ಟಿಕ್ ಸದ್ದನ್ನು ಎಣಿಸುತ್ತ, ಗುರುತಿಸುವುದು ಅವರ ಕೆಲಸ. ಕಿನ್ನೆಬ್ರೂಕ್ ಗುರುತಿಸಿದ ವೇಳೆ ಯಜಮಾನನ ವೇಳೆಗಿಂತ ಸುಮಾರು ೦.೮ ಸೆಕೆಂಡಿನಷ್ಟು ತಡವಾಗಿ ಬರುತ್ತಿತ್ತು. ಅವನು ಅಜಾಗರೂಕನೆಂದು ತೀರ್ಮಾನಿಸಿ ಮ್ಯಾಸ್ಕೆಲಿನ್ ೧೭೯೬ರಲ್ಲಿ ಅವನನ್ನು ಕೆಲಸದಿಂದ ತೆಗೆದನು.

ಮುಂದೆ ಜರ್ಮನಿಯ ಖಗೋಳಜ್ಞ ಬೆಸೆಲ್ ಈ ವೃತ್ತಾಂತವನ್ನು ಓದಿ ಯೋಚನೆಗೆ ತೊಡಗಿದನು. ತನ್ನ ಅಳತೆಗಳನ್ನು ಬೇರೆ ನುರಿತ ವೀಕ್ಷಕರ ಅಳತೆಗಳೊಡನೆ ಹೋಲಿಸಿದನು. ೧೮೨೦ರ ದಶಕದಲ್ಲಿ ಅವನಿಗೂ ಆರ್ಗೆಲಾಂಡರ್ ಎಂಬ ಖಗೋಳಜ್ಞನಿಗೂ ನಡುವೆ ಒಂದು ಸೆಕೆಂಡಿಗೂ ಮೀರಿದ ಅಂತರ ಕಂಡುಬಂದಿತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ನಿಪುಣರು. ಆದರೂ ಪ್ರತಿಯೊಬ್ಬನಿಗೂ ತನ್ನದೇ ಆದ ಒಂದು ಸ್ಥಿರ ವ್ಯತ್ಯಾಸ. ಇದಕ್ಕೆ ‘ವೈಯಕ್ತಿಕ ಸಮೀಕರಣ’ ಎಂಬ ಹೆಸರಾಯಿತು. ಅಂದಿನಿಂದ ಖಗೋಳಜ್ಞರು ವೀಕ್ಷಕರನ್ನು ಓಡಿಸುವ ಬದಲು ಅವರವರ ವ್ಯತ್ಯಾಸವನ್ನು ಅಳೆದು ಲೆಕ್ಕಕ್ಕೆ ಸೇರಿಸಿಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮ್ಯಾಸ್ಕೆಲಿನ್ ತನ್ನ ಕಣ್ಣನ್ನೇ ಸೊನ್ನೆಯೆಂದು ಭಾವಿಸಿದ್ದನು. ‘ಆ ಪತ್ರಿಕೆಗೆ ಪಕ್ಷಪಾತ’ ಎಂದು ನಾವು ಹೇಳುವಾಗ ಅನೇಕ ವೇಳೆ ಅದೇ ಕೆಲಸವನ್ನು ಮಾಡುತ್ತಿರುತ್ತೇವೆ; ನಮ್ಮ ಅಭಿಪ್ರಾಯದಿಂದ ಅದು ಎಷ್ಟು ದೂರವಿದೆಯೆಂದು ಅಳೆಯುತ್ತೇವೆಯೇ ಹೊರತು ಸತ್ಯದಿಂದ ಎಷ್ಟು ದೂರವೆಂದಲ್ಲ.

ಪಾವಗಡದ ಒಂದು ಉದಾಹರಣೆ

ಈ ತತ್ತ್ವವನ್ನು ನಮ್ಮ ಸೀಮೆಯ ಒಂದು ಸುದ್ದಿಗೆ ಅನ್ವಯಿಸಿ ನೋಡೋಣ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆಗಳಲ್ಲಿ ಸೌರವಿದ್ಯುತ್ ಸ್ಥಾವರವು ಹರಡಿದೆ. ೨೦೧೮ರ ಮಾರ್ಚ್ ೧ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದನ್ನು ಉದ್ಘಾಟಿಸಿದರು. ೨೦೧೯ರ ಕೊನೆಯ ಹೊತ್ತಿಗೆ ೨,೦೫೦ ಮೆಗಾವಾಟ್ ಸಾಮರ್ಥ್ಯ ಪೂರ್ಣವಾಯಿತು. ಇಲ್ಲಿ ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದುದು ವಿಶೇಷ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಗಳಿಗೊಮ್ಮೆ ಶೇಕಡ ೫ರಷ್ಟು ಏರಿಕೆ.

ಸರ್ಕಾರದ ಪ್ರಕಟಣೆಗಳು, ಅವನ್ನು ಅನುಸರಿಸಿದ ವರದಿಗಳು, ಬರಗಾಲದ ನಾಡಿಗೆ ಬೆಳಕು ಬಂದಿತೆಂದು ಸಾರಿದುವು. ಮಳೆ ನಂಬಿ ಕೈಸುಟ್ಟುಕೊಂಡಿದ್ದ ರೈತನಿಗೆ ನಿಶ್ಚಿತವಾದ ಆದಾಯ ದೊರೆಯಿತೆಂಬುದು ಸತ್ಯ. ೧೩,೦೦೦ವನ್ನು ೨೧,೦೦೦ದಿಂದ ಗುಣಿಸಿದರೆ ವರ್ಷಕ್ಕೆ ೨೭.೩ ಕೋಟಿ ರೂಪಾಯಿಗಳಾಗುತ್ತವೆ. ಪಾವಗಡದಂಥ ತಾಲ್ಲೂಕಿಗೆ ಇದು ಸಣ್ಣ ಮೊತ್ತವಲ್ಲ. ಕೆಲವು ಸ್ವತಂತ್ರ ಸುದ್ದಿಸಂಸ್ಥೆಗಳಾದರೋ ಅದೇ ಊರುಗಳಿಗೆ ಹೋಗಿ ಬೇರೆ ಜನರನ್ನು ಮಾತನಾಡಿಸಿದುವು. ಭೂಮಿಯಿಲ್ಲದ ಕೂಲಿಕಾರನಿಗೆ ಗುತ್ತಿಗೆಯ ಹಣವಿಲ್ಲ, ಹೊಲವಿಲ್ಲದ ಮೇಲೆ ಕೂಲಿಯೂ ಇಲ್ಲ, ಕುರಿ ಮೇಯಿಸುವವನಿಗೆ ಬೀಳುಭೂಮಿಯಿಲ್ಲ ಎಂದು ಬರೆದುವು. ಇದೂ ಸತ್ಯ. ಇವುಗಳ ಒಲವು ಬಡವರ, ಪರಿಸರದ ಕಡೆಗೆ. ಅವುಗಳ ಒಲವು ಕೈಗಾರಿಕೆಯ, ಆಡಳಿತದ ಕಡೆಗೆ. ಒಲವು ಇಲ್ಲಿ ಸುಳ್ಳನ್ನು ಹುಟ್ಟಿಸಲಿಲ್ಲ; ಯಾರ ಮನೆಯ ಬಾಗಿಲನ್ನು ತಟ್ಟಬೇಕೆಂಬುದನ್ನು ನಿರ್ಧರಿಸಿತು.

ಗುತ್ತಿಗೆಯ ಏರಿಕೆಯ ವಿಷಯವನ್ನೇ ನೋಡಿ. ಹತ್ತು ವರ್ಷಗಳಲ್ಲಿ ಐದು ಸಲ ಶೇಕಡ ೫ರಂತೆ ಏರಿದರೆ ೨೧,೦೦೦ ರೂಪಾಯಿ ಸುಮಾರು ೨೬,೮೦೦ ಆಗುತ್ತದೆ. ‘ಗುತ್ತಿಗೆ ಏರುತ್ತಿದೆ’ ಎಂದು ಒಂದು ಪತ್ರಿಕೆ ಬರೆಯಬಹುದು. ಆದರೆ ಪದಾರ್ಥಗಳ ಬೆಲೆ ವರ್ಷಕ್ಕೆ ಶೇಕಡ ೪ರಂತೆ ಏರಿತೆಂದು ಭಾವಿಸಿದರೆ, ಮೊದಲು ೨೧,೦೦೦ಕ್ಕೆ ದೊರೆಯುತ್ತಿದ್ದ ಸಾಮಾನಿಗೆ ಹತ್ತು ವರ್ಷಗಳ ಅನಂತರ ಸುಮಾರು ೩೧,೦೦೦ ರೂಪಾಯಿ ಬೇಕು. ‘ಗುತ್ತಿಗೆಯ ಬೆಲೆ ಇಳಿಯುತ್ತಿದೆ’ ಎಂದು ಇನ್ನೊಂದು ಪತ್ರಿಕೆ ಬರೆಯಬಹುದು. ಎರಡೂ ಲೆಕ್ಕ ಸರಿ! ಕಾಗದ, ಪೆನ್ಸಿಲು ಹಿಡಿದ ವಿದ್ಯಾರ್ಥಿಗೆ ಇವೆರಡರ ಜಗಳ ಐದು ನಿಮಿಷಗಳಲ್ಲಿ ಬಗೆಹರಿಯುತ್ತದೆ.

ಮತ್ತೊಂದು ಅಂಕೆ ೨,೦೫೦ ಮೆಗಾವಾಟ್. ಚದರ ಮೀಟರಿಗೆ ೧,೦೦೦ ವಾಟ್ ಬಿಸಿಲು ಬಿದ್ದು, ಫಲಕದ ಉಷ್ಣತೆ ೨೫ ಡಿಗ್ರಿ ಇರುವಾಗ ದೊರೆಯಬೇಕಾದ ಶಕ್ತಿಯಿಂದ ಫಲಕಗಳ ಸಾಮರ್ಥ್ಯವನ್ನು ಗೊತ್ತುಮಾಡುತ್ತಾರೆ. ರಾತ್ರಿ ಬಿಸಿಲಿಲ್ಲ, ಬೆಳಗ್ಗೆ ಸಂಜೆ ಕಡಮೆ, ಮೋಡವಿದ್ದರೆ ಮತ್ತೂ ಕಡಮೆ. ದಿನವಿಡೀ ಪೂರ್ಣಶಕ್ತಿ ದೊರೆತಿದ್ದರೆ ೪.೯೨ ಕೋಟಿ ಯೂನಿಟ್ ಆಗುತ್ತಿತ್ತು. ವಾಸ್ತವದಲ್ಲಿ ಇಂಥ ಸ್ಥಾವರಗಳಿಂದ ದೊರೆಯುವುದು ಅದರ ಐದನೆಯ ಒಂದು ಭಾಗದ ಆಸುಪಾಸು, ಎಂದರೆ ಸುಮಾರು ಒಂದು ಕೋಟಿ ಯೂನಿಟ್. ದೊಡ್ಡ ಅಂಕೆಯನ್ನು ಮಾತ್ರ ಹೇಳುವ ವರದಿ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ‘ಜಗತ್ತಿನಲ್ಲೇ ದೊಡ್ಡದು’ ಎಂಬ ಬಿರುದೂ ಹೀಗೆಯೇ. ಒಂದು ಕಾಲದಲ್ಲಿ ಪಾವಗಡಕ್ಕೆ ಅದು ಸಂದಿತ್ತು. ಮುಂದೆ ರಾಜಸ್ಥಾನದ ಭಡ್ಲಾ ಸ್ಥಾವರ ಅದನ್ನು ಮೀರಿಸಿತು. ಇಸವಿಯನ್ನು ಹೇಳದ ಬಿರುದು ಏಕಮಾನವನ್ನು ಹೇಳದ ಅಳತೆಯಂತೆ.

ಒಂದೇ ಅಚ್ಚಿನ ಹಲವು ಉಪಕರಣಗಳು

‘ಹತ್ತು ಕಡೆ ಒಂದೇ ಸುದ್ದಿ ಬಂದಿದೆ, ಆದುದರಿಂದ ನಿಜ’ ಎಂಬ ವಾದವನ್ನು ಕೇಳುತ್ತೇವೆ. ಒಂದೇ ಕಾರ್ಖಾನೆಯಲ್ಲಿ ಒಂದೇ ತಪ್ಪು ಅಚ್ಚಿನಿಂದ ತಯಾರಾದ ಹತ್ತು ಅಳತೆಪಟ್ಟಿಗಳು ಒಂದೇ ಉತ್ತರವನ್ನು ಕೊಟ್ಟರೆ ಆಶ್ಚರ್ಯವೇನು? ಹತ್ತು ಪತ್ರಿಕೆಗಳು ಒಂದೇ ಪತ್ರಿಕಾ ಹೇಳಿಕೆಯನ್ನು ನಕಲು ಮಾಡಿದ್ದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಬೇರೆ ಬೇರೆ ದಿಕ್ಕಿಗೆ ಒಲಿದ ಎರಡು ಪತ್ರಿಕೆಗಳು ತಾವು ತಾವೇ ವಿಚಾರಿಸಿ ಒಂದು ಸಂಗತಿಯನ್ನು ಒಪ್ಪಿದರೆ, ಅದರ ಬೆಲೆ ಬಹಳ ಹೆಚ್ಚು. ಪ್ರಯೋಗಶಾಲೆಯಲ್ಲಿ ‘ಜಿ’ಯ ಬೆಲೆಯನ್ನು ಲೋಲಕದಿಂದಲೂ ಬೀಳುವ ವಸ್ತುವಿನಿಂದಲೂ ಕಂಡುಹಿಡಿದು ತಾಳೆ ನೋಡುವುದು ಇದಕ್ಕಾಗಿಯೇ.

ಒಲವನ್ನು ಘೋಷಿಸದವರಿಗೆ ಒಲವಿಲ್ಲವೆಂದೂ ತಿಳಿಯಬಾರದು. ಮಧುಗಿರಿಯ ಮಗ್ಗುಲಲ್ಲಿರುವ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು, ಧ್ವಜ ಸತ್ಯಾಗ್ರಹಕ್ಕೆ ಕೂಡಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯನ್ನು ಮೈಸೂರು ಸರ್ಕಾರ ಒಂದು ಹೇಳಿದರೆ, ಚಳವಳಿಗಾರರು ಅದಕ್ಕಿಂತ ಬಹಳ ಹೆಚ್ಚಾಗಿ ಹೇಳಿದರು. ಕಾಂಗ್ರೆಸ್ಸಿನ ಕಡೆಗೆ ಒಲಿದವರ ಮಾತೆಂದು ಎರಡನೆಯದನ್ನು ತಳ್ಳಿಹಾಕುವುದು ಸುಲಭ. ಆದರೆ ಗುಂಡು ಹಾರಿಸಿದ ಕಡೆಯವರಿಗೂ ಸಂಖ್ಯೆ ಕಡಮೆಯಿರಲೆಂಬ ಆಸಕ್ತಿ ಇರದಿದ್ದೀತೆ? ಇಂಥ ಕಡೆ ನಿರ್ಣಾಯಕವಾಗುವುದು ಹೇಳಿದವರ ಪಕ್ಷವಲ್ಲ, ಪರೀಕ್ಷಿಸಲು ಬರುವ ವಿವರ. ಸತ್ತವರ ಹೆಸರು, ಊರುಗಳನ್ನು ಕೊಡುವ ವರದಿಯನ್ನು ಆ ಊರಿಗೆ ಹೋಗಿ ವಿಚಾರಿಸಬಹುದು. ಬರಿಯ ಅಂಕೆಯನ್ನು ಎಲ್ಲಿ ಹೋಗಿ ವಿಚಾರಿಸುವುದು?

ತಿದ್ದಲಾಗದ ದೋಷಗಳು

ಎಲ್ಲ ದೋಷವನ್ನೂ ಹೀಗೆ ಕಳೆಯಲಾಗದು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗೂಡಿನ ಕಾಲದಲ್ಲಿ ಮಾತ್ರ ಹೋದವರು ಅದು ಕೊಕ್ಕರೆಗಳ ಊರೆನ್ನುತ್ತಾರೆ. ಅವು ಹಾರಿಹೋದ ಮೇಲೆ ಹೋದವರು ಬರಿಯ ಮರಗಳನ್ನು ಕಾಣುತ್ತಾರೆ. ಕೊರಟಗೆರೆಯ ಜಯಮಂಗಲಿ ನದಿ ತುಂಬಿ ಹರಿದ ಒಂದು ದಿನದ ಚಿತ್ರ ನಿಜವಾದ ಚಿತ್ರವೇ. ಅದು ವರ್ಷವೆಲ್ಲ ಹಾಗೆಯೇ ಹರಿಯುತ್ತದೆಂಬ ಭಾವನೆ ಮಾತ್ರ ತಪ್ಪು. ಪತ್ರಿಕೆಯೊಂದು ಏನನ್ನು ಪ್ರಕಟಿಸಿತೆಂಬುದು ಕಣ್ಣಿಗೆ ಕಾಣುತ್ತದೆ. ಏನನ್ನು ಬಿಟ್ಟಿತೆಂಬುದು ಅದೇ ಪತ್ರಿಕೆಯಲ್ಲಿ ಎಂದಿಗೂ ಕಾಣದು. ಅದಕ್ಕಾಗಿ ಇನ್ನೊಂದು ಪತ್ರಿಕೆಯನ್ನು ತೆರೆಯಲೇಬೇಕು.

ಅದಕ್ಕಿಂತ ಕೆಟ್ಟದ್ದು ಸೊನ್ನೆಯನ್ನೇ ಜರುಗಿಸುವ ಉಪಕರಣ. ತನಗೆ ಬೇಕಾದವರು ಅಧಿಕಾರದಲ್ಲಿದ್ದಾಗ ಒಂದು ಅಳತೆ, ಬೇಡದವರು ಬಂದಾಗ ಮತ್ತೊಂದು ಅಳತೆ ಬಳಸುವ ಪತ್ರಿಕೆಗೆ ಯಾವ ತಿದ್ದುಪಡಿಯನ್ನೂ ಅನ್ವಯಿಸಲಾಗದು. ಅಂಕೆಗಳನ್ನು ಸೃಷ್ಟಿಸುವ, ಹಳೆಯ ಚಿತ್ರಕ್ಕೆ ಹೊಸ ದಿನಾಂಕ ಹಚ್ಚುವ ಪತ್ರಿಕೆಯನ್ನು ಒಲವುಳ್ಳದ್ದೆನ್ನುವುದು ಸಲ್ಲದು. ಅದು ಮುರಿದ ಉಪಕರಣ. ಮಧುಗಿರಿ ಪ್ರತ್ಯೇಕ ಜಿಲ್ಲೆಯಾಗಬೇಕೆಂದು ಸ್ಥಳೀಯ ಪತ್ರಿಕೆಯೊಂದು ಸಂಪಾದಕೀಯದಲ್ಲಿ ವಾದಿಸಿದರೆ ಆಕ್ಷೇಪವೇನೂ ಇಲ್ಲ. ಆ ಬೇಡಿಕೆಯ ಸಭೆಗೆ ಬಂದ ಐನೂರು ಜನರನ್ನು ಸುದ್ದಿಯಲ್ಲಿ ಐದು ಸಾವಿರವೆಂದು ಬರೆದರೆ ಮಾತ್ರ ಆಕ್ಷೇಪವುಂಟು.

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರ ಇಷ್ಟು. ಒಲವಿದೆಯೆಂಬ ಒಂದೇ ಕಾರಣಕ್ಕೆ ಸ್ವತಂತ್ರ ಪತ್ರಿಕೆಯನ್ನು ದೂರವಿಡಬೇಕಾಗಿಲ್ಲ. ಸ್ವತಂತ್ರವೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ನಂಬಬೇಕಾಗಿಯೂ ಇಲ್ಲ. ಹಣ ಯಾರದೆಂದು ಅದು ಹೇಳುತ್ತದೆಯೆ? ಅಭಿಪ್ರಾಯವನ್ನೂ ವರದಿಯನ್ನೂ ಬೇರೆ ಬೇರೆಯಾಗಿ ಇಡುತ್ತದೆಯೆ? ಸಂಗತಿಗಳನ್ನು ಪರೀಕ್ಷಿಸುವಷ್ಟು ವಿವರ ಕೊಡುತ್ತದೆಯೆ? ತಪ್ಪಾದಾಗ ಅದನ್ನು ಎದ್ದು ಕಾಣುವಂತೆ ತಿದ್ದುತ್ತದೆಯೆ? ತನ್ನ ಕಡೆಯವರಿಗೆ ಒಗ್ಗದ ಸತ್ಯವನ್ನೂ ಆಗಾಗ ಪ್ರಕಟಿಸುತ್ತದೆಯೆ? ಇವಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಅದು ಶೂನ್ಯ ದೋಷ ತಿಳಿದಿರುವ ಉಪಕರಣ, ಧಾರಾಳವಾಗಿ ಬಳಸಬಹುದು.

ಇದರೊಡನೆ ಓದುಗನು ತನ್ನ ವೈಯಕ್ತಿಕ ಸಮೀಕರಣವನ್ನೂ ತಿಳಿದುಕೊಳ್ಳಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಲ್ಲವೆ? ಓದಿದ ಕೂಡಲೆ ಮನಸ್ಸಿಗೆ ಹಿತವೆನಿಸಿದ ಸುದ್ದಿಯನ್ನೇ ಎರಡನೆಯ ಸಲ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಈ ತಿಂಗಳು ನಿಮ್ಮ ತಾಲ್ಲೂಕಿನ ಒಂದು ಸುದ್ದಿಯನ್ನು ಆರಿಸಿಕೊಳ್ಳಿ. ಅದನ್ನು ಬೇರೆ ಬೇರೆ ಒಲವಿನ ಎರಡು ಪತ್ರಿಕೆಗಳಲ್ಲಿ ಓದಿ, ಎರಡೂ ಒಪ್ಪಿದ ಸಂಗತಿಗಳನ್ನು ಒಂದು ಕಡೆ, ಒಪ್ಪದವನ್ನು ಇನ್ನೊಂದು ಕಡೆ ಬರೆಯಿರಿ. ಒಂದರಲ್ಲಿ ಮಾತ್ರ ಇರುವುದನ್ನು ಮೂರನೆಯ ಕಡೆ ಬರೆಯಿರಿ. ಆ ಮೂರನೆಯ ಪಟ್ಟಿಯಲ್ಲಿ ಯಾವುದಾದರೊಂದನ್ನು ನೀವೇ ಹೋಗಿ ವಿಚಾರಿಸಿ ನೋಡಿ. ಇದಕ್ಕೆ ಬೇಕಾದ ಉಪಕರಣಗಳು ಒಂದು ನೋಟ್‌ಪುಸ್ತಕ, ಒಂದು ಸೈಕಲ್ಲು ಮತ್ತು ಸ್ವಲ್ಪ ಸಹನೆ ಮಾತ್ರ.