ಊರಿಂದ ಬರುವ ಮುಂಚೆ ಬ್ರೇಕ್ ನೋಡಿಸಿದ್ರಾ?

ಹುಬ್ಬಳ್ಳಿ, ಬೆಳಗಾವಿ ಕಡೆ ಹಬ್ಬ ಮುಗಿಸಿ ಕಾರಿನಲ್ಲಿ ದೇಹೂ ರೋಡಿಗೆ ಮರಳುವಾಗ ಕಾತ್ರಜ್ ಹೊಸ ಸುರಂಗದ ನಂತರದ ಇಳಿಜಾರು ನಿಮಗೆ ಗೊತ್ತೇ ಇದೆ. ಮನೆ ಬಂತು ಅಂತ ಮೈ ಸಡಿಲ ಬಿಡುವ ಜಾಗ. ಅದರ ಕೆಳಗೆ, ನವಲೆ ಸೇತುವೆಯ ಬಳಿ, 2022ರ ನವೆಂಬರ್ 20ರ ರಾತ್ರಿ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಬ್ರೇಕ್ ಫೇಲ್ ಅಂತ ಮೊದಲು ಸುದ್ದಿಯಾಯಿತು. ಚಾಲಕ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸಿದ್ದ ಎಂದು ಪೊಲೀಸರು ಆಮೇಲೆ ಹೇಳಿದರು.

ನಾವು ಗೇರಿನಲ್ಲೇ ಇಳಿದರೂ ಹಳೇ ಬ್ರೇಕ್ ಕೈಕೊಡಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಸೇರಿದ್ದು 140ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಕಾವೇರಿ ಆಯಿಲ್ ಆವಿಯಾಗುತ್ತದೆ. ಆಗ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಡಬ್ಬಿ ತುಂಬಿದೆ ಅಂತ ಸಮಾಧಾನಪಡಬೇಡಿ, ತೇವ ಕಣ್ಣಿಗೆ ಕಾಣದು.

ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಆಯಿಲಿನ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ. (ಪಾಲಿಶ್‌ಗೆ ಅದಕ್ಕಿಂತ ಹೆಚ್ಚು ಕೊಡ್ತೀವಿ, ಚೌಕಾಸಿಯೂ ಮಾಡಲ್ಲ!) ಪ್ಯಾಡ್ ವಿಷಯದಲ್ಲಿ "ಇನ್ನೂ ಓಡ್ತದೆ" ಅಂತ ಮುಂದೂಡಿದರೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಡಿಸ್ಕ್ ಕೆಡುತ್ತದೆ, ಬಿಲ್ ಹಲವು ಪಟ್ಟು ಏರುತ್ತದೆ. ಮೆಕ್ಯಾನಿಕ್‌ಗೆ 4 ಚಕ್ರವನ್ನೂ ಬಿಚ್ಚಿ ನೋಡಲು ಹೇಳಿ. ಹಿಂದಿನ ಡ್ರಮ್‌ನ ಲೈನರ್ ಮರೆತೇಹೋಗುತ್ತದೆ.